ಪಾನಾ ಪೆಟ್ಟಿಗೆ: ಮಾಸ್ತರರ ಮಗ ಮತ್ತು ಮೂರು ಮೂಲೆಯ ಇಂಜಿನ್

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಎಂದಿನಂತೆ ಮೈಲೇಜು, ಹೊಗೆ, ಬ್ಯಾಟರಿ. ಒಂದನ್ನು ಮಾತ್ರ ಓದುತ್ತ ಓದುತ್ತ ಕೈಯಲ್ಲಿದ್ದ ಚಾ ಆರಿಹೋಯಿತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜು ತೆರೆದು ಹದಿನೇಳು ವರ್ಷವಾಯಿತು. ಇಲ್ಲಿ ಯಾರೂ ನನ್ನ ಮುಂದೆ ರೋಟರಿ ಇಂಜಿನ್ನಿನ ಹೆಸರು ಎತ್ತಿರಲಿಲ್ಲ. ಅದಕ್ಕೂ ಮುಂಚೆ ಶಾರ್ಜಾದಲ್ಲಿ ಒಂಬತ್ತು ವರ್ಷ ದುಡಿದಾಗ ಹದಿಮೂರು ಬಿಚ್ಚಿದ್ದೆ. ಕಟ್ಟಿ ಓಡಿಸಿದ್ದು ಹನ್ನೊಂದು. ಉಳಿದೆರಡು ಗುಜರಿಗೆ ಹೋದವು, ಅವುಗಳ ಸುದ್ದಿಯೂ ಕೆಳಗೆ ಬರುತ್ತದೆ. ಟ್ರ್ಯಾಕ್ಟರಿನವರು ಈ ಸಲ ಕ್ಷಮಿಸಬೇಕು, ಜಾಗವನ್ನೆಲ್ಲ ಮಾಸ್ತರರ ಮಗ ತಿಂದಿದ್ದಾನೆ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಾಲೆ ಮಾಸ್ತರ. ಮಗ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನೌಕರಿಯಲ್ಲಿದ್ದಾನೆ. 2004ರ ಮಜ್ದಾ ಆರ್‌ಎಕ್ಸ್-8 ಎಂಬ ಕಾರನ್ನು, ಇಂಜಿನ್ ಕೆಟ್ಟಿದೆ ಅಂತ ಗೊತ್ತಿದ್ದೂ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದಾನೆ. ಮನೆಯ ಶೆಡ್ಡಿನಲ್ಲಿ ತಾನೇ ಬಿಚ್ಚಿ ಕಟ್ಟುತ್ತಾನಂತೆ. ಇದರಲ್ಲಿ ಪಿಸ್ಟನ್ನೇ ಇಲ್ಲ ಅನ್ನುತ್ತಾನೆ. ಅಂಥ ಇಂಜಿನ್ ಇದೆಯೇ? ಅವನನ್ನು ತಡೆಯಲೋ, ಬಿಡಲೋ?
– ಒಬ್ಬ ತಂದೆ, ಮಾಳಮಡ್ಡಿ, ಧಾರವಾಡ

ಉತ್ತರ: ಇದೆ ಮಾಸ್ತರ್ರ, ಮಗ ಸುಳ್ಳು ಹೇಳಿಲ್ಲ. ಪಿಸ್ಟನ್ನಿನ ಬದಲು ರೋಟರ್ ಎಂಬ ಮೂರು ಮೂಲೆಯ ತುಂಡು ತಿರುಗುವ ಇದಕ್ಕೇ ರೋಟರಿ ಇಂಜಿನ್ ಅನ್ನುವುದು. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ಎಂಬಾತನ ತಲೆಯಲ್ಲಿ ಹುಟ್ಟಿದ ಇಂಜಿನ್ ಇದು. ಎನ್‌ಎಸ್‌ಯು ಎಂಬ ಕಂಪನಿಯಲ್ಲಿ 1957ರಲ್ಲಿ ಮೊದಲ ಸಲ ತಿರುಗಿತು. ಹತ್ತು ವರ್ಷಕ್ಕೆ, 1967ರಲ್ಲಿ, ಜಪಾನಿನ ಮಜ್ದಾದವರು ಕಾಸ್ಮೊ ಸ್ಪೋರ್ಟ್ ಎಂಬ ಕಾರಿಗೆ ಎರಡು ರೋಟರಿನ ಇಂಜಿನ್ ಕೂರಿಸಿ ಮಾರಿದರು. ಅದೇ ವರ್ಷ ಎನ್‌ಎಸ್‌ಯುದವರ ರೋ 80 ಕಾರೂ ಬಂತು. ಅದರ ರೋಟರಿನ ಮೂಲೆಯ ಸಂದು ಮುಚ್ಚುವ ಸೀಲುಗಳು ಬೇಗ ಸವೆದು, ಗಿರಾಕಿಗಳಿಗೆ ಇಂಜಿನ್ ಬದಲಿಸಿ ಕೊಟ್ಟೂ ಕೊಟ್ಟೂ ಕಂಪನಿ ಬಸವಳಿಯಿತು. 1969ರಲ್ಲಿ ಫೋಕ್ಸ್‌ವ್ಯಾಗನ್ ಕೈಸೇರಿತು. ಮಜ್ದಾದವರು ಮಾತ್ರ ಹಟ ಬಿಡಲಿಲ್ಲ. 1991ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ತಾಸಿನ ರೇಸನ್ನು ನಾಲ್ಕು ರೋಟರಿನ 787ಬಿ ಕಾರಿನಲ್ಲಿ ಗೆದ್ದರು. ನಮ್ಮ ಕಡೆ ಮಜ್ದಾ ಅಂದರೆ ಸ್ವರಾಜ್ ಮಜ್ದಾ ಗಾಡಿ. ಅದರ ಇಂಜಿನ್ ಡೀಸೆಲ್, ಅದಕ್ಕೂ ಈ ರೋಟರಿಗೂ ಸಂಬಂಧವಿಲ್ಲ.

ಒಳಗೆ ಹೇಗಿದೆ ಅಂತ ತಿಳಿಯಲು ನಿಮ್ಮ ಮನೆಯ ಟಿಫಿನ್ ಕ್ಯಾರಿಯರ್ ಎದುರಿಗಿಟ್ಟುಕೊಳ್ಳಿ. ಐದು ಡಬ್ಬಿಯದು. ಒಂದನೆಯದು, ಮೂರನೆಯದು, ಐದನೆಯದು ಬೀಡು ಕಬ್ಬಿಣದ ದಪ್ಪ ತಟ್ಟೆಗಳು. ಅವುಗಳ ನಡುವೆ ಎರಡು ಅಲ್ಯುಮಿನಿಯಂ ಉಂಗುರಗಳು, ಇವಕ್ಕೆ ಹೌಸಿಂಗ್ ಅನ್ನುತ್ತೇವೆ. ಉಂಗುರದ ಒಳಗೋಡೆ ಪೂರಾ ದುಂಡಗಿಲ್ಲ. ಎರಡು ಕಾಳಿನ ಶೇಂಗಾದ ಹಾಗೆ ನಡು ಒಂಚೂರು ಒತ್ತಿದೆ. ಪ್ರತಿ ಉಂಗುರದೊಳಗೆ ಬದಿ ಉಬ್ಬಿದ ಮೂರು ಮೂಲೆಯ ರೋಟರ್. ಅದರ ಮೂರೂ ಮೂಲೆ ಸದಾ ಗೋಡೆ ಸವರಿಕೊಂಡೇ ತಿರುಗುತ್ತವೆ. ತಿರುಗುವಾಗ ರೋಟರಿಗೂ ಗೋಡೆಗೂ ನಡುವಿನ ಮೂರು ಸಂದು ಹಿಗ್ಗುತ್ತ ಕುಗ್ಗುತ್ತ ಹೋಗುತ್ತವೆ. ಗಾಳಿ ಪೆಟ್ರೋಲು ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಹೊರದೂಡುವುದು ಎಲ್ಲ ಆ ಸಂದಿನಲ್ಲೇ. ವಾಲ್ವ್ ಇಲ್ಲ, ಪಿಸ್ಟನ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ರೋಟರ್ ಒಂದು ಸುತ್ತು ಹಾಕುವುದರೊಳಗೆ ನಡುವಿನ ಶಾಫ್ಟು ಮೂರು ಸುತ್ತು ಹಾಕಿರುತ್ತದೆ. ಮಗನ ಕಾರಿನ ಮೀಟರು 9000 ತೋರಿಸಿದಾಗ ರೋಟರ್ ತಿರುಗುವುದು ಬರೀ 3000. ಒಂದೊಂದು ರೋಟರಿನದು 654 ಸಿಸಿ, ಎರಡೂ ಸೇರಿ 1308.

ಈಗ ನಿಮ್ಮ ಪ್ರಶ್ನೆಗೆ. ಬಿಡಿ, ತಡೆಯಬೇಡಿ. ಬಿಚ್ಚಿ ಕಟ್ಟುವ ಮಟ್ಟಿಗೆ ಇದು ಪಿಸ್ಟನ್ ಇಂಜಿನ್ನಿಗಿಂತ ಸರಳ, ಸಾಮಾನೂ ಕಡಿಮೆ. ಆದರೆ ಒಂದು ಮಾತು ಈಗಲೇ ಅವನ ಕಿವಿಗೆ ಹಾಕಿ: ಇದರ ಖರ್ಚು ಬಿಚ್ಚುವ ತನಕ ದೇವರಿಗೂ ಗೊತ್ತಿಲ್ಲ. ಮಾರುತಿ ಇಂಜಿನ್ ಸವೆದರೆ ನಾವು ಬೋರ್ ಮಾಡಿಸಿ, 0.50 ದೊಡ್ಡ ಪಿಸ್ಟನ್ ಹಾಕಿ ಕೈತೊಳೆದುಕೊಳ್ಳುತ್ತೇವೆ. ರೋಟರಿಯಲ್ಲಿ ಆ ದಾರಿ ಇಲ್ಲ. ಶೇಂಗಾ ಆಕಾರದ ಗೋಡೆಗೆ ಬೋರಿಂಗ್ ಮಷಿನ್ನಿಲ್ಲ, ದೊಡ್ಡ ಸೈಜಿನ ರೋಟರೂ ಇಲ್ಲ. ಗೋಡೆ ಚೆನ್ನಾಗಿದ್ದರೆ ಖರ್ಚು ಸೀಲು ರಬ್ಬರಿನಷ್ಟು. ಗೋಡೆ ಹೋಗಿದ್ದರೆ ಹೊಸ ಹೌಸಿಂಗ್ ತರಬೇಕು, ಆಗ ಅಗ್ಗದ ಕಾರು ಅಗ್ಗದ್ದಲ್ಲ.

ಗುಜರಿಗೆ ಹೋದವು ಅಂದೆನಲ್ಲ, ಆ ಎರಡೂ ಈ ಗೋಡೆಯಿಂದಲೇ ಹೋದವು. ಒಂದರಲ್ಲಿ ಮೂಲೆಯ ಸೀಲು ಮುರಿದು ಚೂರು ಗೋಡೆಯಲ್ಲಿ ಗೆರೆ ಎಳೆದು, ರೋಟರನ್ನೂ ಜಜ್ಜಿತ್ತು. ಇನ್ನೊಂದರ ಮಾಲೀಕ ರೇಡಿಯೇಟರಿನಲ್ಲಿ ನೀರಿಲ್ಲದೆ ಮರಳಿನ ದಾರಿಯಲ್ಲಿ ಓಡಿಸಿದ್ದ. ಗೋಡೆಯ ಕ್ರೋಮ್ ಲೇಪ ಹಪ್ಪಳದಂತೆ ಎದ್ದಿತ್ತು. ಹೊಸ ಹೌಸಿಂಗಿನ ಬೆಲೆ ಕೇಳಿ ಬಂದೆ. ಆಗಿನ ನನ್ನ ಒಂದು ತಿಂಗಳ ಪಗಾರಕ್ಕೂ ಮೇಲೆ. ಮಾಲೀಕ ಒಂದು ಮಾತಾಡದೆ ಕೀಲಿ ಟೇಬಲ್ ಮೇಲಿಟ್ಟು ಹೋದ.

ಪ್ರಶ್ನೆ: ಅಪ್ಪ ನಿಮಗೆ ಬರೆದಿದ್ದಾರೆಂದು ಗೊತ್ತಾಗಿ ನಾನೇ ಬರೆಯುತ್ತಿದ್ದೇನೆ. ಇಲ್ಲಿ ಒಬ್ಬರು ರೋಟರಿಯ ಮೀಟರಿನಿಂದಲೇ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ನೋಡಿಕೊಟ್ಟರು. 250 ಆರ್‌ಪಿಎಂ ಲೆಕ್ಕಕ್ಕೆ, ಚದರ ಸೆಂ.ಮೀ.ಗೆ ಇಷ್ಟು ಕೆ.ಜಿ. ಅಂತ, ಮುಂದಿನ ರೋಟರಿನ ಮೂರು ಮುಖ 6.8, 6.7, 4.9. ಹಿಂದಿನದು 7.2, 7.1, 7.3. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಬಂದ್ ಮಾಡಿದರೆ ಮತ್ತೆ ಎತ್ತುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ, ಶನಿವಾರ ಭಾನುವಾರ ಬೇಕಾದಷ್ಟಿವೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?
– ಮಗ, ಆಕ್ಲೆಂಡ್

ಉತ್ತರ: ತಮ್ಮಾ, ಬಿಚ್ಚುವ ಮೊದಲು ಅಳೆದೆಯಲ್ಲ, ಅಲ್ಲೇ ಅರ್ಧ ಕೆಲಸ ಮುಗಿಸಿದ್ದೀ. ಸಾದಾ ಕಂಪ್ರೆಶನ್ ಗೇಜ್ ಹಚ್ಚಿದ್ದರೆ ಮೂರು ಮುಖಗಳಲ್ಲಿ ಹೆಚ್ಚಿನದನ್ನು ಮಾತ್ರ ತೋರಿಸಿ, ಆ 4.9 ಅನ್ನು ಮುಚ್ಚಿಡುತ್ತಿತ್ತು.

ನಿನ್ನ ಇಂಜಿನ್ನಿಗೆ ಹೊಸದರಲ್ಲಿ 8.5 ಇರಬೇಕು, 6.9ಕ್ಕಿಂತ ಕೆಳಗಿಳಿದರೆ ಕಂಪನಿ ಲೆಕ್ಕದಲ್ಲಿ ಫೇಲು. ಒಂದೇ ರೋಟರಿನ ಮುಖಗಳ ನಡುವೆ 1.5ಕ್ಕಿಂತ ಹೆಚ್ಚು ಅಂತರವೂ ಇರಬಾರದು. ಹಿಂದಿನದು ದಡ ಸೇರಿದೆ. ಮುಂದಿನದು ಎರಡೂ ಲೆಕ್ಕದಲ್ಲಿ ಬಿದ್ದಿದೆ. ಈಗ ಆ ಮೂರು ಅಂಕಿಯನ್ನು ಇನ್ನೊಮ್ಮೆ ನೋಡು. ಮೂಲೆಯಲ್ಲಿ ಕೂರುವ ಅಪೆಕ್ಸ್ ಸೀಲು ಎರಡು ಮನೆಗಳ ನಡುವಿನ ಗೋಡೆ ಇದ್ದಂತೆ. ಅದು ಸವೆದರೆ ಅಕ್ಕಪಕ್ಕದ ಎರಡೂ ಮುಖಗಳ ಅಂಕಿ ಬೀಳುತ್ತದೆ. ನಿನ್ನದರಲ್ಲಿ ಒಂದೇ ಅಷ್ಟು ಕೆಳಗೆ ಬಿದ್ದಿದೆ. ಅಂದರೆ ಆ ಮುಖದ ಬದಿಗೆ ಕೂರುವ ಸೈಡ್ ಸೀಲು ಅಥವಾ ಅದರ ತುದಿಗೆ ಕೂರುವ ಕಾರ್ನರ್ ಸೀಲು ಮಸಿ ಹಿಡಿದು ತನ್ನ ತೋಡಿನಲ್ಲಿ ಅಂಟಿಕೊಂಡಿರಬೇಕು. ಹೊಗೆ ಹೋಗುವ ಬಾಯಿಗಳನ್ನು ಆರ್‌ಎಕ್ಸ್-8ರಲ್ಲಿ ಪಕ್ಕದ ತಟ್ಟೆಗೆ ತಂದಿದ್ದಾರೆ, ಹಾಗಾಗಿ ಸೈಡ್ ಸೀಲಿಗೆ ಮಸಿಯ ಕಾಟ ಜಾಸ್ತಿ. ಮಸಿ ಕರಗಿಸುವ ಕ್ಲೀನರ್ ಪ್ಲಗ್ಗಿನ ತೂತಿನಿಂದ ಬಿಟ್ಟು ಒಂದು ರಾತ್ರಿ ನೆನೆಯಲು ಬಿಡು. ಒಮ್ಮೊಮ್ಮೆ ಸೀಲು ಬಿಟ್ಟುಕೊಳ್ಳುತ್ತದೆ. ಒಂದು ಸಲ ಮಾಡು, ಆಸೆ ಇಟ್ಟುಕೊಂಡು ಹತ್ತು ಸಲ ಮಾಡಬೇಡ.

ಇಂಜಿನ್ ಯಾಕೆ ಸತ್ತಿತು ಅನ್ನುವುದನ್ನೂ ಹುಡುಕು. ಈ ಕಾರಿನಲ್ಲಿ ಇಗ್ನಿಶನ್ ಕಾಯಿಲು ಬೇಗ ಸೋಲುತ್ತವೆ. ಕಾಯಿಲು ಸೋತರೆ ಪೆಟ್ರೋಲು ಅರೆ ಉರಿದು ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರ್ ಕಟ್ಟಿಕೊಂಡಿತೆಂದರೆ ಬಿಸಿ ಹಿಂದಕ್ಕೆ ಇಂಜಿನ್ನಿಗೇ ತಿರುಗುತ್ತದೆ. ನಾಲ್ಕು ಕಾಯಿಲು, ನಾಲ್ಕು ಪ್ಲಗ್ಗು, ಸ್ಟಾರ್ಟರ್, ಆ ಕನ್ವರ್ಟರ್ ಇವನ್ನು ನೋಡದೆ ಹೊಸದಾಗಿ ಕಟ್ಟಿದ ಇಂಜಿನ್ ಕೂರಿಸುವುದು ಸೋರುವ ಮಾಳಿಗೆಯ ಕೆಳಗೆ ಗೋಡೆಗೆ ಸುಣ್ಣ ಬಳಿದಂತೆ.

ಬಿಚ್ಚುವಾಗ ಮೊದಲ ಜಗಳ ಫ್ಲೈವೀಲಿನ ನಟ್ಟಿನ ಜೊತೆ. 54 ಎಂಎಂ ನಟ್ಟು, ಅದನ್ನು 40ರಿಂದ 50 ಕೆ.ಜಿ.-ಮೀಟರ್ ಬಿಗಿ ಕೊಟ್ಟು ಕೂರಿಸಿರುತ್ತಾರೆ. ಮಾರುತಿಯ ಚಕ್ರದ ನಟ್ಟು ಬಿಚ್ಚಿದ ಕೈಗೆ ಇದು ಬೇರೆಯೇ ಲೋಕ. ಫ್ಲೈವೀಲು ತಿರುಗದಂತೆ ಕಬ್ಬಿಣದ ಪಟ್ಟಿ ಬೋಲ್ಟು ಮಾಡು, ಪಾನಾಕ್ಕೆ ನಾಲ್ಕಡಿ ಪೈಪು ತೂರಿಸು, ಆಮೇಲೆ ಮೈಭಾರ ಹಾಕು. ನಟ್ಟು ಬಿಟ್ಟರೂ ಫ್ಲೈವೀಲು ತಕ್ಷಣ ಬರುವುದಿಲ್ಲ, ತುದಿಗೆ ಸಣ್ಣಗಾಗುತ್ತ ಹೋಗುವ ಶಾಫ್ಟಿಗೆ ಕಚ್ಚಿಕೊಂಡಿರುತ್ತದೆ. ನಟ್ಟನ್ನು ಎರಡು ಸುತ್ತು ಬಿಟ್ಟು ಹಾಗೇ ಇಟ್ಟು ಹಿಂದಿನಿಂದ ಬಡಿ. ಪೂರಾ ತೆಗೆದು ಬಡಿದರೆ ಫ್ಲೈವೀಲು ನಿನ್ನ ಪಾದ ಹುಡುಕಿಕೊಂಡು ಬರುತ್ತದೆ.

ಆಮೇಲೆ ಟಿಫಿನ್ ಕ್ಯಾರಿಯರ್ ಬಿಚ್ಚುವುದು. ಐದೂ ಡಬ್ಬಿ ದಾಟಿ ಹೋಗುವ ಉದ್ದನೆಯ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸು. ಒಂದನ್ನೇ ಪೂರಾ ಬಿಚ್ಚಿ ಇನ್ನೊಂದಕ್ಕೆ ಹೋದರೆ ತಟ್ಟೆ ಮಣಿಯುತ್ತದೆ. ಈಗ ಒಳಗಿನ ಸಂಸಾರ: ಒಂದು ರೋಟರಿಗೆ ಅಪೆಕ್ಸ್ ಸೀಲು ಮೂರು, ಕಾರ್ನರ್ ಸೀಲು ಆರು, ಸೈಡ್ ಸೀಲು ಆರು, ಆಯಿಲ್ ರಿಂಗು ನಾಲ್ಕು. ಎರಡೂ ಸೇರಿ 38. ಸ್ಪ್ರಿಂಗು ಬೇರೆ, ನಿನ್ನ ಕಾರಿನ ಕಟ್-ಆಫ್ ಸೀಲು ಬೇರೆ. ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ನಾನು ಮೊಟ್ಟೆಯ ರಟ್ಟಿನ ಟ್ರೇ ಬಳಸುತ್ತಿದ್ದೆ. ಎಣ್ಣೆ ಹೀರಿ ರಟ್ಟು ಮೆತ್ತಗಾಗಿ ಒಮ್ಮೆ ಎಲ್ಲ ಕಲೆತುಹೋಯಿತು. ನೀನು ಪಡ್ಡಿನ ಹಂಚು ತಗೋ. ಗುಳಿಗೊಂದು ಚೀಟಿ, ಚೀಟಿಯ ಮೇಲೆ ಮುಂದಿನ ರೋಟರೋ ಹಿಂದಿನದೋ, ಯಾವ ಬದಿ, ಎಷ್ಟನೇ ಮೂಲೆ. ಆಮೇಲೆ ಆ ಹಂಚಿನಲ್ಲಿ ಪಡ್ಡು ಮಾಡಬೇಡ, ಅಷ್ಟೇ.

ತೊಳೆಯುವುದಕ್ಕೆ ನಿನ್ನ ಶನಿವಾರ ಭಾನುವಾರಗಳನ್ನೆಲ್ಲ ಕೊಡು. ದುಡ್ಡು ಉಳಿಯುವುದು ಇಲ್ಲೇ. ಗ್ಯಾರೇಜಿನವರು ಕೂಲಿ ಹಚ್ಚುವುದೂ ಇದಕ್ಕೇ. ಚಿಮಣಿ ಎಣ್ಣೆ, ಹಿತ್ತಾಳೆ ಬ್ರಶ್ಶು, ತಾಳ್ಮೆ. ಸೀಲು ಕೂರುವ ತೋಡಿನ ಮಸಿ ತೆಗೆಯಲು ಹಳೆಯ ಅಪೆಕ್ಸ್ ಸೀಲನ್ನೇ ಮುರಿದು ಕೆರೆಯುವ ಉಳಿ ಮಾಡಿಕೋ, ಅಳತೆ ಸರಿಯಾಗಿ ಕೂರುತ್ತದೆ. ಬೀಡಿನ ತಟ್ಟೆಯ ಮುಖಕ್ಕೆ ಪಾಲಿಶ್ ಕಾಗದ ಮುಟ್ಟಿಸಬೇಡ.

ತೊಳೆದ ಮೇಲೆ ಅಳತೆ. ತಟ್ಟೆಗಳ ಮೇಲೆ ನೇರ ಪಟ್ಟಿ ಇಟ್ಟು ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸು, 0.04 ಎಂಎಂಗಿಂತ ಹೆಚ್ಚು ಡೊಂಕಿರಬಾರದು. ಸೀಲು ಓಡಾಡಿ ಆದ ಮೆಟ್ಟಿಲು 0.10 ದಾಟಿರಬಾರದು. ದಾಟಿದ್ದರೆ ಲ್ಯಾಪಿಂಗ್, ಅಂದರೆ ತಿಕ್ಕಿ ಮಟ್ಟ, ಮಾಡಿಸಬಹುದು, ಆದರೆ ಮೇಲಿನ ಗಟ್ಟಿ ಪದರ ಹೋಗುತ್ತದೆ ಅನ್ನುವುದು ನೆನಪಿರಲಿ. ಹೌಸಿಂಗಿನ ಗೋಡೆಯ ಮೇಲೆ ಕಣ್ಣು ಮುಚ್ಚಿ ಉಗುರು ಆಡಿಸು. ಅಂಚಿನಲ್ಲಿ, ಪ್ಲಗ್ಗಿನ ತೂತಿನ ಸುತ್ತ, ಎಲ್ಲಿ ಉಗುರು ಸಿಕ್ಕುತ್ತದೋ ಅಲ್ಲಿ ಕ್ರೋಮ್ ಹೋಗಿದೆ. ಇಂಥ ವೇಳೆ ಹೊಸದನ್ನು ಕೊಳ್ಳುವ ಮೊದಲು ಗುಜರಿ ಇಂಜಿನ್ ಹುಡುಕು. ನಿಮ್ಮ ಊರಿನಲ್ಲಿ ಈ ಕಾರುಗಳು ಬೇಕಾದಷ್ಟು ಸಾಯುತ್ತವೆ. ಒಂದರ ಒಳ್ಳೆಯ ಹೌಸಿಂಗ್ ಇನ್ನೊಂದಕ್ಕೆ ಬರುತ್ತದೆ. ಮಾರುವವನ ಮುಂದೆಯೇ ಉಗುರು ಆಡಿಸಿ ತಗೋ.

ಉಳಿಸಬಾರದ ಜಾಗ ರಬ್ಬರು ಮತ್ತು ಸ್ಪ್ರಿಂಗು. ನೀರಿನ ಸೀಲು, ಆಯಿಲ್ ರಿಂಗಿನೊಳಗಿನ ರಬ್ಬರು, ಎಲ್ಲ ಸ್ಪ್ರಿಂಗು ಹೊಸದೇ ಇರಲಿ. ಹಳೆಯ ರಬ್ಬರು ನೋಡಲು ಚಂದ ಇದ್ದರೂ ಮತ್ತೆ ಹಾಕಬೇಡ. ನೀರಿನ ಸೀಲು ಸೋತರೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಮತ್ತೆ ಐದೂ ಡಬ್ಬಿ ಬಿಚ್ಚಬೇಕು. ಆಯಿಲ್ ರಿಂಗಿನ ಲೋಹ ಮಾತ್ರ ಅಂಚಿನ ಅಗಲ 0.5 ಎಂಎಂಗಿಂತ ಕಡಿಮೆ ಇದ್ದರೆ ಉಳಿಸಿಕೋ. ಅಪೆಕ್ಸ್ ಸೀಲು ಬದಲಿಸು, ಇಷ್ಟು ದೂರ ಬಂದು ಅಲ್ಲಿ ಕೈ ಬಿಗಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಸೈಡ್ ಸೀಲಿನ ಕೆಲಸ ನನಗೆ ಇಷ್ಟದ್ದು. ಹೊಸ ಸೈಡ್ ಸೀಲು ಬೇಕೆಂತಲೇ ಒಂಚೂರು ಉದ್ದ ಬರುತ್ತದೆ. ಅದರ ತುದಿಗೂ ಕಾರ್ನರ್ ಸೀಲಿಗೂ ನಡುವೆ 0.05ರಿಂದ 0.15 ಎಂಎಂ ಸಂದು ಬಿಡಬೇಕು. ಹನ್ನೆರಡು ಸೀಲು, ಹನ್ನೆರಡಕ್ಕೂ ಬೇರೆ ಬೇರೆ ಕೈಯಳತೆ. ಸಣ್ಣ ಅರವನ್ನು ವೈಸಿನಲ್ಲಿ ಕಟ್ಟಿ ಸೀಲನ್ನೇ ಅದರ ಮೇಲೆ ಎಳೆ. ಎರಡು ಎಳೆತ, ತೋಡಿನಲ್ಲಿ ಕೂರಿಸು, ಗೇಜ್ ತೂರಿಸು. ಬರಲಿಲ್ಲವೇ, ಮತ್ತೊಂದು ಎಳೆತ. 0.05ರ ಎಲೆ ಎಣ್ಣೆ ಹಚ್ಚಿದ ಕಾಗದ ಜಾರಿದಂತೆ ಹೋಗಿ 0.08 ನಿಂತರೆ ಕೈ ತೆಗೆ. ಒಂದು ಎಳೆತ ಜಾಸ್ತಿಯಾದರೆ ಆ ಸೀಲು ಕಸ, ವಾಪಸ್ ಉದ್ದ ಮಾಡಲು ಬರುವುದಿಲ್ಲ. ನಾನು ಇದನ್ನು ರಾತ್ರಿ, ಗ್ಯಾರೇಜಿನ ಗದ್ದಲ ನಿಂತ ಮೇಲೆ ಮಾಡುತ್ತಿದ್ದೆ. ಹಸಿವಾದಾಗ, ಫೋನ್ ಬಡಿಯುವಾಗ ಮಾಡಬೇಡ.

ಕಟ್ಟುವಾಗ ವ್ಯಾಸಲಿನ್ ಡಬ್ಬಿ ಪಕ್ಕದಲ್ಲಿರಲಿ. ತುಟಿಗೆ ಹಚ್ಚುವ ಅದೇ ವ್ಯಾಸಲಿನ್, ಕಂಪನಿಯ ಪುಸ್ತಕದಲ್ಲೂ ಅದನ್ನೇ ಹೇಳಿದ್ದಾರೆ. ಸೀಲು, ಸ್ಪ್ರಿಂಗು, ನೀರಿನ ರಬ್ಬರು ಎಲ್ಲ ಅದರ ಜಿಗುಟಿನಲ್ಲಿ ನಿಲ್ಲುತ್ತವೆ, ಇಂಜಿನ್ ಬಿಸಿಯಾದಾಗ ಕರಗಿಹೋಗುತ್ತದೆ. ನಡುವಿನ ತಟ್ಟೆ ಇಳಿಸುವಾಗ ಶಾಫ್ಟನ್ನು ಒಂದು ಇಂಚು ಮೇಲೆತ್ತಿ ಹಿಡಿಯಬೇಕು, ಆಗ ಮಾತ್ರ ತಟ್ಟೆ ದಾಟುತ್ತದೆ. ಅದಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು. ಹೆಂಡತಿಯನ್ನು ಕರೆಯುವುದಾದರೆ ಹಳೆ ಸೀರೆ ಉಟ್ಟು ಬಾ ಅಂತ ಮೊದಲೇ ಹೇಳು.

ಇನ್ನು ನನ್ನ ಪಾಪ. ಶಾಫ್ಟಿನ ಮುಂದಿನ ತುದಿಯಲ್ಲಿ ಸೂಜಿಯಂಥ ರೋಲರಿನ ಥ್ರಸ್ಟ್ ಬೇರಿಂಗು ಎರಡಿವೆ. ಮೂರನೆಯದೋ ನಾಲ್ಕನೆಯದೋ ಇಂಜಿನ್, ಮುಂಭಾಗದ ಬೋಲ್ಟು ಬಿಗಿ ಮಾಡುವ ಮೊದಲು ಇಂಜಿನ್ ಅಡ್ಡ ಮಲಗಿಸಿದೆ. ಶಾಫ್ಟು ಒಂದೆರಡು ಎಂಎಂ ಹಿಂದೆ ಸರಿಯಿತು, ಒಳಗೆ ಬೇರಿಂಗು ತನ್ನ ಕಟ್ಟೆಯಿಂದ ಸದ್ದಿಲ್ಲದೆ ಜಾರಿತು. ನಾನು ಬೋಲ್ಟು ಬಿಗಿದೆ. ಕೈಯಲ್ಲಿ ತಿರುಗಿಸಿದರೆ ಶಾಫ್ಟು ಕಲ್ಲಿನಂತೆ ಬಿಗಿ. ಇಂಜಿನ್ ಹೊಸದಾಗಿ ಕಟ್ಟಿದ್ದಲ್ಲವೇ, ಬಿಗಿ ಇರಲೇಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಕಾರಿಗೆ ಏರಿಸಿದೆ. ಎರಡು ನಿಮಿಷ ಓಡಿರಬೇಕು, ಮುಂದಿನಿಂದ ರವೆ ಬೀಸಿದಂಥ ಸದ್ದು. ಇಳಿಸಿ ಬಿಚ್ಚಿದಾಗ ಬೇರಿಂಗಿನ ಸೂಜಿಗಳು ಚಪ್ಪಟೆ. ಆ ತಿಂಗಳು ಮನೆಗೆ ಕಳಿಸಿದ ರೊಕ್ಕ ಅರ್ಧ. ಅವತ್ತಿನಿಂದ ಮುಂಭಾಗ ಮೇಲೆ ಮಾಡಿ, ಆ ಬೋಲ್ಟು ಕೂರುವ ತನಕ ಶಾಫ್ಟು ಹಿಂದೆ ಜಾರದಂತೆ ಕೆಳಗಿನಿಂದ ಆನಿಕೆ ಕೊಟ್ಟೇ ಕೆಲಸ ಮಾಡಿದೆ. ಬಿಗಿ ಮಾಡಿದ ಮೇಲೆ ಡಯಲ್ ಗೇಜ್ ಹಚ್ಚಿ ಶಾಫ್ಟು ಹಿಂದೆ ಮುಂದೆ ಆಡಿಸು: 0.04ರಿಂದ 0.07 ಎಂಎಂ ಆಟ ಇದ್ದರೆ ಸರಿ. ಸೊನ್ನೆ ಬಂದರೆ ನನ್ನ ಬೇರಿಂಗು ನಿನ್ನಲ್ಲಿಗೂ ಬಂದಿದೆ ಅಂತ ತಿಳಿ.

ಮೊದಲ ಸ್ಟಾರ್ಟಿಗೆ ಹೆದರಬೇಡ. ಸೀಲು ಇನ್ನೂ ಕೂತಿರುವುದಿಲ್ಲ, ಕಂಪ್ರೆಶನ್ ಕಡಿಮೆ ಇರುತ್ತದೆ, ಬ್ಯಾಟರಿ ಪೂರಾ ತುಂಬಿರಲಿ. ಪೆಟ್ರೋಲು ಕಟ್ಟಿಕೊಂಡರೆ ಆಕ್ಸಿಲರೇಟರ್ ತಳಕ್ಕೆ ಒತ್ತಿ ಕ್ರ್ಯಾಂಕ್ ಮಾಡು, ಆಗ ಪೆಟ್ರೋಲು ನಿಲ್ಲುತ್ತದೆ, ಗಾಳಿ ಮಾತ್ರ ಹೋಗುತ್ತದೆ. ಹಿಡಿದ ಮೇಲೆ ವ್ಯಾಸಲಿನ್ನು, ಎಣ್ಣೆ ಎಲ್ಲ ಸುಟ್ಟು ಹೋಳಿ ಹುಣ್ಣಿಮೆಯ ಹೊಗೆ ಬರುತ್ತದೆ. ನೆರೆಯವರಿಗೆ ಮೊದಲೇ ಹೇಳಿಡು. ಬಿಸಿಯಾಗುವ ಮೊದಲು ಬಂದ್ ಮಾಡಬೇಡ. ಮೊದಲ 1000 ಕಿ.ಮೀ. ಮೆತ್ತಗೆ ಓಡಿಸಬೇಕೆಂಬುದು ನನ್ನ ನೇಮ.

ಪ್ರಶ್ನೆ: ಡಿಪ್ಲೊಮಾ ವಿದ್ಯಾರ್ಥಿ. ರೋಟರಿ ಇಂಜಿನ್ನಿನ ಚಿತ್ರ ಪುಸ್ತಕದಲ್ಲಿದೆ. ಅಪೆಕ್ಸ್ ಸೀಲು ಅಂದರೆ ಒಂದು ಪಟ್ಟಿ ಅಷ್ಟೇ. ನಮ್ಮಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಮಾಡಿಸಲು ಬರುವುದಿಲ್ಲವೇ?
– ಒಬ್ಬ ವಿದ್ಯಾರ್ಥಿ, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಹುಬ್ಬಳ್ಳಿಯ ಲೇಥಿನವರ ಮೇಲೆ ನನಗೆ ಬಹಳ ನಂಬಿಕೆ. ಹಳೆ ಜೀಪಿನ ಗೇರಿನಿಂದ ಹಿಡಿದು ಹಿಟ್ಟಿನ ಗಿರಣಿಯ ಶಾಫ್ಟಿನ ತನಕ, ಮುರಿದದ್ದು ತೋರಿಸಿದರೆ ಹೊಸದು ಮಾಡಿ ಕೊಡುತ್ತಾರೆ. ಆದರೆ ಈ ಪಟ್ಟಿ 80 ಎಂಎಂ ಉದ್ದ, 2 ಎಂಎಂ ದಪ್ಪ. ಇಂಜಿನ್ 9000ಕ್ಕೆ ಹೋದಾಗ ಅದರ ತುದಿ ಗೋಡೆಯ ಮೇಲೆ ಸೆಕೆಂಡಿಗೆ 30 ಮೀಟರಿಗೂ ಹೆಚ್ಚು ವೇಗದಲ್ಲಿ ಉಜ್ಜುತ್ತದೆ, ಅಂದರೆ ಗಂಟೆಗೆ 100 ಕಿ.ಮೀ.ಗೂ ಮೇಲೆ, ಬೆಂಕಿಯ ಪಕ್ಕದಲ್ಲಿ, ಒಂದಿಷ್ಟು ಎಣ್ಣೆಯ ಪಸೆಯಲ್ಲಿ. ಆಕಾರ ಲೇಥಿನವನು ಕೊಡಬಹುದು, ಲೋಹ ಯಾರು ಕೊಡುತ್ತಾರೆ? ಸೀಲು ಮೆತ್ತಗಾದರೆ ತಾನು ಸವೆಯುತ್ತದೆ, ಗಟ್ಟಿಯಾದರೆ ಗೋಡೆ ತಿನ್ನುತ್ತದೆ.

ಮಜ್ದಾದವರು ಶುರುವಿನಲ್ಲಿ ಇಲ್ಲೇ ಎಡವಿದ್ದರು. ಸೀಲು ಗೋಡೆಯ ಮೇಲೆ ನಡುಗಿ ನಡುಗಿ ಅಲೆ ಅಲೆಯಾಗಿ ಗೀರು ಬೀಳುತ್ತಿದ್ದವು. ಆ ಗೀರುಗಳಿಗೆ ದೆವ್ವದ ಉಗುರಿನ ಗೀರು ಅಂತಲೇ ಹೆಸರಿಟ್ಟಿದ್ದರು. ಕೆನಿಚಿ ಯಮಮೊಟೊ ಎಂಬ ಇಂಜಿನಿಯರನ ತಂಡ ಇದಕ್ಕೇ ವರ್ಷಗಟ್ಟಲೆ ಕೂತು, ಕಾರ್ಬನ್ನಿಗೆ ಅಲ್ಯುಮಿನಿಯಂ ಕುಡಿಸಿದ ಸೀಲು ಮಾಡಿ ಕಾಸ್ಮೊ ಕಾರಿಗೆ ಹಾಕಿತು. ಮುಂದೆ ಬೀಡಿನ ಸೀಲು ಬಂತು, ಅದರ ಉಜ್ಜುವ ಅಂಚನ್ನು ಮಾತ್ರ ಎಲೆಕ್ಟ್ರಾನ್ ಕಿರಣದಿಂದ ಗಟ್ಟಿ ಮಾಡುತ್ತಿದ್ದರು. ಅಂಚು ಗಟ್ಟಿ, ಮೈ ಮೆತ್ತಗೆ. ಇದು ನಿಮ್ಮ ಮೆಟಲರ್ಜಿ ಪಾಠ. ಮೇಷ್ಟ್ರನ್ನು ಕೇಳು, ಅವರಿಗೂ ಖುಷಿಯಾದೀತು. ಫ್ಲೈವೀಲು ಹಿಡಿಯುವ ಪಟ್ಟಿ, ಇಂಜಿನ್ ನಿಲ್ಲಿಸುವ ಸ್ಟ್ಯಾಂಡು, ಪೈಪಿನ ಹಿಡಿಕೆ ಇವನ್ನು ಮಾತ್ರ ಧಾರಾಳವಾಗಿ ಊರಲ್ಲೇ ಮಾಡಿಸಬಹುದು.

ಪ್ರಶ್ನೆ: ನನ್ನ ಮಾರುತಿ 800 ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಿಡುತ್ತದೆ, ಆಮೇಲೆ ಇಲ್ಲ. ಮಿಸ್ತ್ರಿ ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು ಅಂತಾನೆ.
– ಓದುಗರು, ಬೆಟಗೇರಿ, ಗದಗ

ಉತ್ತರ: ಇಳಿಸಬೇಡಿ. ಬೆಳಗಿನ ಒಂದು ಬುಗ್ಗೆ ಅಂದರೆ ರಾತ್ರಿಯೆಲ್ಲ ವಾಲ್ವ್ ಸೀಲಿನಿಂದ ಎಣ್ಣೆ ಜಿನುಗಿದೆ. ರಿಂಗು ಹೋಗಿದ್ದರೆ ಮುಳಗುಂದ ನಾಕಾದ ಹತ್ತಿರ ಗೇರ್ ಬದಲಿಸಿ ಒತ್ತಿದಾಗಲೆಲ್ಲ ಹಿಂದೆ ಬರುವವನಿಗೆ ಹೊಗೆ ಕಾಣಬೇಕಿತ್ತು. ಅನುಮಾನ ಇದ್ದರೆ ಕಂಪ್ರೆಶನ್ ನೋಡಿಸಿ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿಸಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ಸೀಲು ಬದಲಿಸುವುದು ಒಂದು ದಿನದ ಕೆಲಸ. ಮಿಸ್ತ್ರಿ ಹಟ ಮಾಡಿದರೆ ಮಿಸ್ತ್ರಿಯನ್ನು ಬದಲಿಸಿ.

ಪ್ರಶ್ನೆ: ರೋಟರಿ ಕಾರಿನವರು ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸುತ್ತಾರಂತೆ. ನನ್ನ ಕಾರಿಗೂ ಬೆರೆಸಿದರೆ ಇಂಜಿನ್ ಬಾಳಿಕೆ ಬರುತ್ತದೆಯೇ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಬೇಡವೇ ಬೇಡ. ರೋಟರಿಯಲ್ಲಿ ಸೀಲಿಗೆ ಪಸೆ ಸಿಗಲೆಂದು ಕಂಪನಿಯವರೇ ಪಂಪು ಇಟ್ಟು ಇಂಜಿನ್ ಆಯಿಲನ್ನು ಹನಿ ಹನಿ ಒಳಗೆ ಬಿಡುತ್ತಾರೆ. ಆಯಿಲ್ ಕುಡಿಯುವುದು ಅದರ ಹುಟ್ಟುಗುಣ. ಅದು ಸಾಲದು ಅನ್ನುವವರು ಟ್ಯಾಂಕಿಗೂ ಒಂದಿಷ್ಟು ಬೆರೆಸುತ್ತಾರೆ, ನಮ್ಮಪ್ಪ ಲೂನಾಕ್ಕೆ ಬೆರೆಸುತ್ತಿದ್ದಂತೆ. ನಿಮ್ಮ ಕಾರಿನ ಪಿಸ್ಟನ್ನಿಗೆ ಕೆಳಗಿನಿಂದಲೇ ಎಣ್ಣೆ ಸಿಗುತ್ತದೆ. ಮೇಲಿನಿಂದ ಕೊಟ್ಟರೆ ಪ್ಲಗ್ಗು ಮಸಿ ಹಿಡಿಯುತ್ತದೆ, ಕನ್ವರ್ಟರ್ ಕೆಡುತ್ತದೆ.

ಮಾಸ್ತರರ ಪತ್ರದ ಕೊನೆಗೆ ಪೆನ್ಸಿಲಿನಲ್ಲಿ ಒಂದು ಸಾಲಿತ್ತು: "ಮುಂದಿನ ತಿಂಗಳು ಸೊಸೆ ಹೋಗುತ್ತಾಳೆ. ಇಂಜಿನ್ ಸಲುವಾಗಿ ಇಲ್ಲಿಂದ ಏನಾದರೂ ಕಳಿಸಲೇ?"

ಕಳಿಸಿ ಮಾಸ್ತರ್ರ. ಒಂದು ಒಳ್ಳೆಯ ಫೀಲರ್ ಗೇಜ್, ಅಯಸ್ಕಾಂತದ ಕಾಲಿನ ಡಯಲ್ ಗೇಜ್, ನುಣುಪು ಹಲ್ಲಿನ ಸಣ್ಣ ಅರ. ಇವನ್ನು ಕೈಚೀಲದಲ್ಲಿ ಇಡಬೇಡಿ, ಅರವನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಾರೆ; ದೊಡ್ಡ ಪೆಟ್ಟಿಗೆಗೆ ಹಾಕಿ. ಜೊತೆಗೆ ನಿಮ್ಮ ಹಳೆಯ ಧೋತರ ಎರಡು, ತೊಳೆದು ತೊಳೆದು ನೂಲು ಉದುರುವುದು ನಿಂತದ್ದು. ಸೀಲಿನ ತೋಡು ಒರೆಸಲು ಅದಕ್ಕಿಂತ ಒಳ್ಳೆಯ ಬಟ್ಟೆ ಶಾರ್ಜಾದಲ್ಲೂ ನನಗೆ ಸಿಕ್ಕಿರಲಿಲ್ಲ. ಶೇಂಗಾ ಚಟ್ನಿಪುಡಿ ಕಟ್ಟಿಕೊಡುವುದಾದರೆ ಅಲ್ಲಿ ಇಳಿದಾಗ ಫಾರ್ಮಿನಲ್ಲಿ ಬರೆದು ತೋರಿಸಲಿ. ಮುಚ್ಚಿಟ್ಟರೆ ದಂಡ ಹಾಕುತ್ತಾರೆ, ಆ ರೊಕ್ಕಕ್ಕೆ ಒಂದು ಇಗ್ನಿಶನ್ ಕಾಯಿಲಾದರೂ ಬಂದೀತು.